ಮನೆಯಲ್ಲಿ ಬರೆದ ಡಿವಿಡಿ ಒಂದು ಓಡುತ್ತದೆ, ಇನ್ನೊಂದು ಓಡುವುದಿಲ್ಲ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವುದು ಹೇಗೆ?

ತಾಳಮದ್ದಳೆ ಸಂಗ್ರಹ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ಮನೆಗಳಲ್ಲೂ ದೇವಸ್ಥಾನಗಳಲ್ಲೂ ನಡೆಯುವ ತಾಳಮದ್ದಳೆಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಡಿವಿಡಿಗೆ ಬರೆದು, ಕೇಳಿದ ಹಿರಿಯರಿಗೆ ಕೊಡುತ್ತ ಬಂದಿದ್ದೇನೆ. ಮೊದಲು ಯಾವ ತೊಂದರೆಯೂ ಇರಲಿಲ್ಲ. ಈಗ ಯಾವ ಡಿಸ್ಕ್ ಸರಿಯಾಗಿ ಬರುತ್ತದೆ, ಯಾವುದು ಕೈಕೊಡುತ್ತದೆ ಎಂದು ಮುಂಚೆ ಹೇಳಲಾಗದ ಸ್ಥಿತಿಗೆ ಬಂದಿದ್ದೇನೆ.

ಕೆಲವು ಡಿಸ್ಕ್‌ಗಳಲ್ಲಿ ಬರೆಯುವ ಕೆಲಸ ಆರಂಭವಾಗುವ ಮೊದಲೇ 'ಪವರ್ ಕ್ಯಾಲಿಬ್ರೇಷನ್ ಎರರ್' ಎಂದು ನಿಂತುಬಿಡುತ್ತದೆ. ಕೆಲವು ಪೂರ್ತಿ ಬರೆದು ಮುಗಿದರೂ ಪ್ರಸಂಗದ ಕೊನೆಯ ಭಾಗ ಬಂದಾಗ ಚಿತ್ರ ಚೌಕಚೌಕವಾಗಿ ಒಡೆದು ಮಾತು ತುಂಡಾಗುತ್ತದೆ. ಇನ್ನು ಕೆಲವು ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿದರೂ ನಮ್ಮ ದೊಡ್ಡಪ್ಪನ ಮನೆಯ ಹಳೆಯ ಪ್ಲೇಯರ್‌ನಲ್ಲಿ 'ನೋ ಡಿಸ್ಕ್' ಎಂದು ತೋರಿಸುತ್ತವೆ. ವಿಂಡೋಸ್ 10 ಇರುವ ಲ್ಯಾಪ್‌ಟಾಪ್, ಯುಎಸ್‌ಬಿಗೆ ಸಿಕ್ಕಿಸುವ ತೆಳ್ಳನೆಯ ಹೊರಗಿನ ರೈಟರ್, ಇಮ್ಗ್‌ಬರ್ನ್ ತಂತ್ರಾಂಶ, ಇಷ್ಟೇ ನನ್ನ ಸರಂಜಾಮು. ರೈಟರ್ ಬದಲಿಸುವುದೋ, ಡಿಸ್ಕ್ ಬದಲಿಸುವುದೋ ಅಥವಾ ಇದನ್ನೇ ಕೈಬಿಡುವುದೋ ತಿಳಿದವರು ಹೇಳಬೇಕು.

ದುರಸ್ತಿ ಮೇಜು (ಶಿವಮೊಗ್ಗ)

ತಾವು ಹೇಳಿರುವುದು ಒಂದು ಕಾಯಿಲೆಯಲ್ಲ, ಮೂರು ಬೇರೆ ಬೇರೆ ಕಾಯಿಲೆಗಳು ಎಂದು ಮೊದಲೇ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅಂಗಡಿಗೆ ಬರುವವರೆಲ್ಲ 'ರೈಟರ್ ಹೋಗಿದೆ, ಹೊಸದು ಕೊಡಿ' ಎನ್ನುತ್ತಾರೆ. ಹೊಸದು ಒಯ್ದ ಮೇಲೂ ಅದೇ ದೂರು ಹೊತ್ತು ತಿರುಗಿ ಬರುತ್ತಾರೆ.

ಮೊದಲನೆಯದನ್ನು ನೋಡೋಣ. ಖಾಲಿ ಡಿಸ್ಕ್‌ನ ಒಳಅಂಚಿನ ಬಳಿ ಪರೀಕ್ಷೆಗೆಂದೇ ಮೀಸಲಾದ ಸಣ್ಣ ಜಾಗವಿರುತ್ತದೆ. ರೈಟರ್ ಅಲ್ಲಿ ಲೇಸರಿನ ಬಲವನ್ನು ಹೆಚ್ಚುಕಡಿಮೆ ಮಾಡುತ್ತ ಬರೆದು, ತಾನೇ ಓದಿ, ಈ ಡಿಸ್ಕ್‌ಗೆ ಎಷ್ಟು ಬಲ ಬೇಕೆಂದು ತೀರ್ಮಾನಿಸುತ್ತದೆ. ಯಾವ ಬಲದಲ್ಲಿ ಬರೆದರೂ ಓದಲು ಯೋಗ್ಯವಾದ ಗುರುತು ಮೂಡದಿದ್ದಾಗ ತಾವು ಕಂಡ ದೋಷದ ಸಾಲು ಬರುತ್ತದೆ. ಲೆನ್ಸಿನ ಮೇಲೆ ಧೂಳು ಅಥವಾ ಹೊಗೆಯ ಪದರ ಕುಳಿತಿರುವುದು, ಲೇಸರ್ ಹಳೆಯದಾಗಿರುವುದು, ರೈಟರಿಗೆ ವಿದ್ಯುತ್ ಸಾಲದಿರುವುದು, ಲೇಸರ್ ಗುರುತು ಮೂಡಿಸುವ ಡಿಸ್ಕ್‌ನ ಬಣ್ಣದ ಪದರವೇ ಕಳಪೆಯಾಗಿರುವುದು, ಈ ನಾಲ್ಕರಲ್ಲಿ ಯಾವುದಿದ್ದರೂ ಹೀಗಾಗಬಹುದು.

ಎರಡನೆಯದಕ್ಕೆ ಡಿವಿಡಿ ಬರೆಯುವ ದಿಕ್ಕನ್ನು ನೆನಪಿಡಬೇಕು. ಬರವಣಿಗೆ ಒಳಗಿನಿಂದ ಆರಂಭವಾಗಿ ಸುರುಳಿಯಾಗಿ ಹೊರಅಂಚಿಗೆ ಸಾಗುತ್ತದೆ. ಪ್ರಸಂಗದ ಕೊನೆಯಲ್ಲಿ ಮಾತ್ರ ಚಿತ್ರ ಒಡೆಯುತ್ತದೆ ಎಂದರೆ ತೊಂದರೆ ಹೊರಅಂಚಿನಲ್ಲಿದೆ ಎಂದರ್ಥ. ಕಾರ್ಖಾನೆಯಲ್ಲಿ ಡಿಸ್ಕನ್ನು ತಿರುಗಿಸುತ್ತ ಬಣ್ಣ ಹರಡುವಾಗ ಅದು ಸಮನಾಗಿ ಕೂರದೆ ಹೋಗುವುದು ಹೆಚ್ಚಾಗಿ ಅಲ್ಲೇ. ಡಿಸ್ಕ್ ಸ್ವಲ್ಪ ಬಾಗಿದ್ದರೆ ಆ ಓರೆ ಹೆಚ್ಚು ಕಾಣುವುದೂ ಅಲ್ಲೇ. ರೈಟರ್ ತನ್ನ ಗರಿಷ್ಠ ವೇಗವನ್ನು ಮುಟ್ಟುವುದೂ ಅಲ್ಲೇ.

ಮೂರನೆಯದಕ್ಕೆ ಪ್ಲೇಯರ್ ನೋಡದೆ ಏನೂ ಹೇಳಲಾರೆ. ಸದ್ಯಕ್ಕೆ ಎರಡು ಮಾಹಿತಿ ಕೊಡಿ: ಇಮ್ಗ್‌ಬರ್ನ್‌ನಲ್ಲಿ ಖಾಲಿ ಡಿಸ್ಕ್ ಹಾಕಿದಾಗ ಬಲಬದಿಯಲ್ಲಿ ಕಾಣುವ ಡಿಸ್ಕ್‌ನ ಗುರುತು ಸಂಕೇತ, ಮತ್ತು ರೈಟರಿನ ವೈರು ಲ್ಯಾಪ್‌ಟಾಪಿನ ಎಷ್ಟು ಪೋರ್ಟುಗಳಿಗೆ ಹೋಗಿದೆ ಎಂಬುದು. ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡಿ.

ಸಾಗರದ ಸ್ಟುಡಿಯೋ

ಮದುವೆ, ಉಪನಯನಗಳ ಡಿವಿಡಿ ಬರೆದು ಬದುಕಿದವನು ನಾನು. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಒಳ್ಳೆಯ ಕಂಪನಿಯ ಡಿಸ್ಕ್ ತನ್ನಿ, ವೇಗವನ್ನು ಎಲ್ಲಕ್ಕಿಂತ ಕಡಿಮೆಗೆ ಇಡಿ, ಬರೆಯುವಾಗ ಕಂಪ್ಯೂಟರನ್ನು ಮುಟ್ಟಬೇಡಿ.

ಓದುಗ (ಭದ್ರಾವತಿ)

ಕ್ಷಮಿಸಿ, ಈ ಕಾಲದಲ್ಲಿ ಡಿವಿಡಿ ಏಕೆ? ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮುಗಿಯಿತಲ್ಲ.

ತಾಳಮದ್ದಳೆ ಸಂಗ್ರಹ

ಭದ್ರಾವತಿಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಕೊಡುವ ಮನೆಗಳಲ್ಲಿ ಇರುವುದು ಡಿವಿಡಿ ಪ್ಲೇಯರ್, ಅದನ್ನು ಹಾಕಲು ತೆಗೆಯಲು ಅವರಿಗೆ ಅಭ್ಯಾಸವಾಗಿದೆ. ಎಂಬತ್ತು ದಾಟಿದವರಿಗೆ ಟಿವಿಯ ಹಿಂಬದಿಯ ತೂತು ಹುಡುಕಿ ಪೆನ್‌ಡ್ರೈವ್ ಸಿಕ್ಕಿಸಿ ಎಂದು ಹೇಳುವ ಧೈರ್ಯ ನನಗಿಲ್ಲ.

ಶಿವಮೊಗ್ಗದವರು ಕೇಳಿದ್ದಕ್ಕೆ ಉತ್ತರ: ರೈಟರಿನ ವೈರಿನ ತುದಿಯಲ್ಲಿ ಎರಡು ಯುಎಸ್‌ಬಿ ಪ್ಲಗ್‌ಗಳಿವೆ. ಮೌಸ್‌ಗೆ ಜಾಗ ಬೇಕಾಗಿದ್ದರಿಂದ ಒಂದನ್ನು ಮಾತ್ರ ಸಿಕ್ಕಿಸುತ್ತಿದ್ದೆ. ಗುರುತು ಸಂಕೇತವನ್ನು ಸಂಜೆ ನೋಡಿ ತಿಳಿಸುತ್ತೇನೆ.

ದುರಸ್ತಿ ಮೇಜು

ಆ ಎರಡನೆಯ ಪ್ಲಗ್ ಅಲಂಕಾರಕ್ಕೆ ಇಟ್ಟದ್ದಲ್ಲ. ಯುಎಸ್‌ಬಿ 2.0 ಪೋರ್ಟ್ ಒಂದು ನಿಯಮದ ಪ್ರಕಾರ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಆದರೆ 900. ತೆಳ್ಳನೆಯ ರೈಟರ್ ಸುಮ್ಮನೆ ಓದುವಾಗ ಇಷ್ಟರಲ್ಲೇ ಸುಧಾರಿಸಿಕೊಳ್ಳುತ್ತದೆ. ಮೋಟಾರು ವೇಗ ಹಿಡಿಯುವಾಗ ಮತ್ತು ಲೇಸರ್ ಬರೆಯುವ ಬಲಕ್ಕೆ ಏರಿದಾಗ 500 ಸಾಲದೆ ಹೋಗಬಹುದು. ಅದಕ್ಕಾಗಿಯೇ ಎರಡನೆಯ ಪ್ಲಗ್‌ನಿಂದ ಇನ್ನಷ್ಟು ವಿದ್ಯುತ್ ಎಳೆದುಕೊಳ್ಳುವ ಏರ್ಪಾಡು. ಓದುವುದೆಲ್ಲ ಸರಿಯಿದ್ದು ಬರೆಯುವುದು ಮಾತ್ರ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತದೆ ಎಂದಾಗ ನಾನು ಮೊದಲು ನೋಡುವುದೇ ಇದನ್ನು. ಎರಡನ್ನೂ ಲ್ಯಾಪ್‌ಟಾಪಿನ ಪೋರ್ಟುಗಳಿಗೇ ಸಿಕ್ಕಿಸಿ. ಜಾಗ ಸಾಲದಿದ್ದರೆ ತನ್ನದೇ ಅಡಾಪ್ಟರ್ ಇರುವ ಹಬ್ ಬಳಸಿ. ಅಡಾಪ್ಟರ್ ಇಲ್ಲದ ಹಬ್ ಇರುವ ವಿದ್ಯುತ್ತನ್ನೇ ಹಂಚುವುದರಿಂದ ಅದರಿಂದ ಪ್ರಯೋಜನವಿಲ್ಲ.

ಸಾಗರದ ಸ್ಟುಡಿಯೋದವರ ಒಂದು ಮಾತಿಗೆ ಗೌರವಪೂರ್ವಕವಾಗಿ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. 'ನಿಧಾನವಾದಷ್ಟೂ ಒಳ್ಳೆಯದು' ಎಂಬುದು ಸಿ.ಡಿ ಕಾಲದಿಂದ ಬಂದ ನಂಬಿಕೆ. ಡಿವಿಡಿಯಲ್ಲಿ ಅದು ಎಲ್ಲ ಸಲವೂ ನಿಜವಾಗುವುದಿಲ್ಲ. ಪ್ರತಿಯೊಂದು ರೈಟರಿನ ಫರ್ಮ್‌ವೇರ್‌ನಲ್ಲಿ, ಅಂದರೆ ಅದರೊಳಗೇ ಇರುವ ತಂತ್ರಾಂಶದಲ್ಲಿ, ಯಾವ ತಯಾರಕರ ಡಿಸ್ಕ್‌ಗೆ, ಯಾವ ವೇಗದಲ್ಲಿ, ಲೇಸರನ್ನು ಎಷ್ಟು ಬಲದಲ್ಲಿ ಎಷ್ಟು ಹೊತ್ತು ಮಿಡಿಸಬೇಕು ಎಂಬ ಪಟ್ಟಿಯಿರುತ್ತದೆ. 16ಎಕ್ಸ್ (ಎಕ್ಸ್ ಎಂಬುದು ಬರೆಯುವ ವೇಗದ ಅಳತೆ) ಎಂದು ಮುದ್ರಿತವಾದ ಡಿಸ್ಕ್‌ನ ಬಣ್ಣವನ್ನು ಹೆಚ್ಚಿನ ವೇಗಕ್ಕೆಂದು ರೂಪಿಸಿರುತ್ತಾರೆ. ಅದನ್ನು 2ಎಕ್ಸ್ ಅಥವಾ 4ಎಕ್ಸ್‌ನಲ್ಲಿ ಬರೆದಾಗ 8ಎಕ್ಸ್‌ಗಿಂತ ಹೆಚ್ಚು ದೋಷಗಳು ಬರುವುದುಂಟು. ಟೇಬಲ್ ಮೇಲಿನ ದೊಡ್ಡ ಕಂಪ್ಯೂಟರಿನ ರೈಟರ್ ಆದರೆ 16ಎಕ್ಸ್ ಡಿಸ್ಕನ್ನು 8ಎಕ್ಸ್ ಅಥವಾ 12ಎಕ್ಸ್‌ನಲ್ಲಿ ಬರೆಯಿರಿ ಎನ್ನುತ್ತೇನೆ. ತೆಳ್ಳನೆಯ ರೈಟರ್‌ಗಳು ಸಾಮಾನ್ಯವಾಗಿ 8ಎಕ್ಸ್ ದಾಟುವುದೇ ಇಲ್ಲ, ಆದ್ದರಿಂದ ಅದರಲ್ಲಿ 6ಎಕ್ಸ್ ಸಿಕ್ಕರೆ 6, ಇಲ್ಲವಾದರೆ 4 ಮತ್ತು 8 ಎರಡರಲ್ಲೂ ಬರೆದು ನೋಡಿ ಯಾವುದು ಒಳ್ಳೆಯದೆಂದು ನೀವೇ ತೀರ್ಮಾನಿಸಿ.

ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. 8ಎಕ್ಸ್‌ಗೆ ಸುಮಾರು 11 ಮೆಗಾಬೈಟ್ ಬೇಕು. ಇಷ್ಟನ್ನು ಇವತ್ತಿನ ಯಾವ ಹಾರ್ಡ್ ಡಿಸ್ಕ್ ಆದರೂ ಸಲೀಸಾಗಿ ಕೊಡುತ್ತದೆ. ಕೊಡದೆ ತಡವರಿಸಿದರೂ ಬರವಣಿಗೆಯನ್ನು ನಿಲ್ಲಿಸಿ, ನಿಂತ ಜಾಗದಿಂದಲೇ ಮುಂದುವರಿಸುವ ರಕ್ಷಣೆ ಈಚಿನ ರೈಟರ್‌ಗಳಲ್ಲಿದೆ. ಹಾಗಾಗಿ 'ಬರೆಯುವಾಗ ಕಂಪ್ಯೂಟರ್ ಮುಟ್ಟಬೇಡಿ' ಎಂಬ ಎಚ್ಚರಿಕೆಗೆ ಮೊದಲಿದ್ದಷ್ಟು ತೂಕ ಈಗಿಲ್ಲ.

ಸಾಗರದ ಸ್ಟುಡಿಯೋ

ನನ್ನ ಅನುಭವದಲ್ಲಿ ತೂಕವಿದೆ. ನಮ್ಮಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಹಾಕಿದ ಹಳೆಯ ಯಂತ್ರವೊಂದರಿಂದಲೇ ಬರೆಯುತ್ತೇವೆ. ಮೌಸ್ ಅಲುಗಾಡಿಸಿದರೂ ಬಫರ್ ಪಟ್ಟಿ (ಬರೆಯಲು ಕಾದಿರುವ ದತ್ತಾಂಶ ಎಷ್ಟೆಂದು ತೋರಿಸುವುದು) ಇಳಿದು ಏರುತ್ತದೆ, ಒಂದು ಡಿಸ್ಕ್ ಮುಗಿಯಲು ಊಟದ ಹೊತ್ತು ಹಿಡಿಯುತ್ತದೆ.

ಲಿನಕ್ಸ್ ಬಳಕೆದಾರ (ಹೊಸನಗರ)

ಸ್ಟುಡಿಯೋದವರೇ, ಅದು ಡಿಸ್ಕ್‌ನ ದೋಷವೂ ಅಲ್ಲ, ರೈಟರಿನದೂ ಅಲ್ಲ. ಎಕ್ಸ್‌ಪಿಯಲ್ಲಿ ಒಂದು ಐಡಿಇ ಸಾಧನದಿಂದ (ಚಪ್ಪಟೆ ಪಟ್ಟಿ ವೈರಿನಿಂದ ಸೇರಿಸುವ ಹಳೆಯ ಬಗೆಯ ಡ್ರೈವ್) ಆರು ಸಲ ದತ್ತಾಂಶ ದೋಷವೋ ಕಾಲಮಿತಿ ದೋಷವೋ ಬಂದರೆ ವ್ಯವಸ್ಥೆ ತಾನಾಗಿಯೇ ಅದರ ವೇಗವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸುತ್ತ ಹೋಗಿ, ಕೊನೆಗೆ ಡಿಎಂಎ (ದತ್ತಾಂಶ ಪ್ರೊಸೆಸರಿನ ಕೈಗೆ ಹೋಗದೆ ನೇರವಾಗಿ ಸಾಗುವ ವಿಧಾನ) ಬಿಟ್ಟು ಪಿಐಒ ಎಂಬ ಹಳೆಯ ವಿಧಾನದಲ್ಲಿ ನಿಲ್ಲಿಸಿಬಿಡುತ್ತದೆ. ಆಮೇಲೆ ಎಲ್ಲ ಬೈಟುಗಳನ್ನೂ ಪ್ರೊಸೆಸರ್ ತಾನೇ ಹೊತ್ತು ಸಾಗಿಸಬೇಕಾಗುತ್ತದೆ. ಮೌಸ್ ಅಲುಗಿದರೆ ಬಫರ್ ಇಳಿಯುವುದು ಅದರ ಸ್ಪಷ್ಟ ಲಕ್ಷಣ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್‌ನ 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ತೆರೆದು ನೋಡಿ. ಪಿಐಒ ಎಂದಿದ್ದರೆ ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಎಕ್ಸ್‌ಪಿ ಅದನ್ನು ಹೊಸದಾಗಿ ಗುರುತಿಸಿ ಡಿಎಂಎಗೆ ಮರಳುತ್ತದೆ. ಪಟ್ಟಿ ವೈರನ್ನೂ ಬದಲಿಸಿ, ದೋಷಗಳಿಗೆ ಮೂಲ ಅಲ್ಲೇ ಇರಬಹುದು.

ಸಾಗರದ ಸ್ಟುಡಿಯೋ

ನೋಡಿದೆ, ಪಿಐಒ ಎಂದೇ ಇತ್ತು. ಚಾನೆಲ್ ತೆಗೆದುಹಾಕಿ ವೈರು ಬದಲಿಸಿದ ಮೇಲೆ ಬಫರ್ ಪಟ್ಟಿ ಅಲುಗಾಡುತ್ತಿಲ್ಲ. ತುಂಬ ಉಪಕಾರವಾಯಿತು. ಆದರೆ ಡಿಸ್ಕ್ ಕಂಪನಿಯ ಬಗ್ಗೆ ನಾನು ಹೇಳಿದ್ದು ಹೇಳಿದ್ದೇ.

ತಾಳಮದ್ದಳೆ ಸಂಗ್ರಹ

ಗುರುತು ಸಂಕೇತ ನೋಡಿದಾಗ ಒಂದು ವಿಚಿತ್ರ ಕಂಡಿತು. ನನ್ನ ಬಳಿ ಒಂದೇ ಕಂಪನಿಯ, ಒಂದೇ ಬಣ್ಣದ ಮುಚ್ಚಳದ, 50 ಡಿಸ್ಕ್‌ಗಳ ಎರಡು ಡಬ್ಬಿಗಳಿವೆ. ಒಂದನ್ನು ಕಳೆದ ವರ್ಷ ತಂದದ್ದು, ಇನ್ನೊಂದು ಈ ಮಳೆಗಾಲಕ್ಕೆ ಮುಂಚೆ ತಂದದ್ದು. ಎರಡರ ಸಂಕೇತಗಳು ಬೇರೆ ಬೇರೆ ತಯಾರಕರವು! ಕೊನೆಯಲ್ಲಿ ಚಿತ್ರ ಒಡೆಯುವ ಡಿಸ್ಕ್‌ಗಳೆಲ್ಲ ಎರಡನೆಯ ಡಬ್ಬಿಯವು. ವೈರಿನ ಎರಡೂ ಪ್ಲಗ್ ಸಿಕ್ಕಿಸಿದ ಮೇಲೆ 'ಪವರ್ ಕ್ಯಾಲಿಬ್ರೇಷನ್' ದೋಷ ಮತ್ತೆ ಬಂದಿಲ್ಲ. ಮಾರಿದವರ ಹೆಸರನ್ನಾಗಲಿ ಡಬ್ಬಿಯ ಮೇಲಿನ ಹೆಸರನ್ನಾಗಲಿ ಇಲ್ಲಿ ಬರೆಯುವುದು ಬೇಡವೆನಿಸುತ್ತದೆ, ತಪ್ಪು ಯಾರದೆಂದು ನನಗೆ ಖಚಿತವಿಲ್ಲ.

ದುರಸ್ತಿ ಮೇಜು

ಇದರಲ್ಲಿ ವಿಚಿತ್ರವೇನೂ ಇಲ್ಲ, ಈ ವ್ಯಾಪಾರ ನಡೆಯುವುದೇ ಹೀಗೆ. ಡಬ್ಬಿಯ ಮೇಲಿನ ಹೆಸರು ಮಾರುವವರದು. ಡಿಸ್ಕನ್ನು ಅಚ್ಚು ಹಾಕಿ ಬಣ್ಣ ಬಳಿದವರು ಬೇರೆಯವರಿರಬಹುದು, ವರ್ಷದಿಂದ ವರ್ಷಕ್ಕೆ ಬದಲಾಗಲೂಬಹುದು. ಮಾರುಕಟ್ಟೆ ಕುಗ್ಗುತ್ತ ಬಂದಂತೆ ಒಳ್ಳೆಯ ತಯಾರಕರು ಒಬ್ಬೊಬ್ಬರೇ ಹಿಂದೆ ಸರಿದರು. ಜಪಾನಿನ ತಾಯೋ ಯೂಡೆನ್ 2015ರ ಕೊನೆಗೆ ಈ ಕೆಲಸವನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲಿ ಮನೆಮನೆಗೂ ಪರಿಚಯವಿದ್ದ ಮೋಸರ್ ಬೇರ್ 2018ರಲ್ಲಿ ಸಮಾಪನಕ್ಕೆ ಹೋಯಿತು. ವರ್ಬೇಟಿಮ್ ಎಂಬ ಹೆಸರು 2019ರಲ್ಲಿ ತೈವಾನಿನ ಸಿಎಂಸಿ ಮ್ಯಾಗ್ನೆಟಿಕ್ಸ್‌ನ ಕೈಗೆ ಬಂತು. ಹೀಗಿರುವಾಗ 'ಒಳ್ಳೆಯ ಕಂಪನಿ' ಎಂಬ ಮಾತು ಹಿಂದಿನಷ್ಟು ಭರವಸೆ ಕೊಡುವುದಿಲ್ಲ. ಡಿಸ್ಕ್‌ನೊಳಗಿನ ಸಂಕೇತ ಅದಕ್ಕಿಂತ ಹೆಚ್ಚು ಹೇಳುತ್ತದೆ. ಆದರೆ ಆ ಸಂಕೇತವನ್ನೂ ನಕಲು ಮಾಡುವವರಿದ್ದಾರೆ ಎಂಬುದು ನೆನಪಿರಲಿ.

ಸಂಕೇತಕ್ಕೆ ಇಷ್ಟು ಮಹತ್ವ ಏಕೆಂದರೆ, ರೈಟರ್ ತನ್ನ ಪಟ್ಟಿಯಲ್ಲಿ ಅದನ್ನು ಹುಡುಕಿ ಬರೆಯುವ ಕ್ರಮವನ್ನು ಆರಿಸಿಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಡಿಸ್ಕ್ ಬಂದರೆ ಪರಿಚಯವಿಲ್ಲದ ಅಕ್ಕಿಗೆ ಅಂದಾಜಿನಲ್ಲಿ ನೀರಿಟ್ಟಂತೆ ಒಂದು ಸಾಮಾನ್ಯ ಕ್ರಮದಲ್ಲಿ ಬರೆದುಬಿಡುತ್ತದೆ. ರೈಟರಿನ ತಯಾರಕರ ತಾಣದಲ್ಲಿ ಹೊಸ ಫರ್ಮ್‌ವೇರ್ ಸಿಕ್ಕರೆ ಪಟ್ಟಿ ಹಿಗ್ಗಿರುವ ಸಾಧ್ಯತೆಯುಂಟು. ಅದನ್ನು ಹಾಕುವಾಗ ಮಾತ್ರ ಕರೆಂಟು ಹೋಗಬಾರದು, ನಡುವೆ ನಿಂತರೆ ರೈಟರ್ ಕೆಲಸಕ್ಕೆ ಬಾರದೆ ಹೋಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡೇ ಕೂತುಕೊಳ್ಳಿ.

ಲಿನಕ್ಸ್ ಬಳಕೆದಾರ (ಹೊಸನಗರ)

ಸಂಗ್ರಹದವರು ಮಾಡಬೇಕಾದ ಮುಂದಿನ ಕೆಲಸವೆಂದರೆ ಊಹೆಯನ್ನು ಬಿಟ್ಟು ಅಳೆಯುವುದು. ಡಿಸ್ಕ್ ಬರೆದಾದ ಮೇಲೆ ನೋಡಿ 'ಚೆನ್ನಾಗಿ ಓಡುತ್ತದೆ' ಎನ್ನುವುದು ಅಳತೆಯಲ್ಲ, ಏಕೆಂದರೆ ಬರೆದ ರೈಟರ್ ತಾನು ಬರೆದದ್ದನ್ನು ಓದಿಕೊಳ್ಳುವುದರಲ್ಲಿ ಸಾಮಾನ್ಯವಾಗಿ ಉದಾರಿ.

ಇಮ್ಗ್‌ಬರ್ನ್‌ನಲ್ಲಿ 'ವೆರಿಫೈ' ಆಯ್ಕೆಯನ್ನು ಎಂದೂ ತೆಗೆಯಬೇಡಿ. ಅದು ಡಿಸ್ಕ್‌ನ ಪ್ರತಿಯೊಂದು ಸೆಕ್ಟರನ್ನೂ (ದತ್ತಾಂಶದ ಸಣ್ಣ ತುಂಡು) ಓದಿ ಮೂಲದೊಡನೆ ಹೋಲಿಸುತ್ತದೆ. ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನ ಡ್ರೈವ್‌ನಲ್ಲಿ ಅದೇ ಪರೀಕ್ಷೆ ಮಾಡಿಸಿ. ಅದಕ್ಕಿಂತ ಆಳಕ್ಕೆ ಹೋಗಬೇಕೆಂದರೆ ನೀರೋ ಡಿಸ್ಕ್‌ಸ್ಪೀಡ್ ಅಥವಾ ಲಿನಕ್ಸಿನಲ್ಲಿ ಕ್ಯೂಪಿಎಕ್ಸ್‌ಟೂಲ್ ಎಂಬ ತಂತ್ರಾಂಶ ಬಳಸಿ, ಓದುವ ವೇಗದ ರೇಖೆಯನ್ನು ಬಿಡಿಸಿ ನೋಡಬಹುದು. ಒಳಗಿನಿಂದ ಹೊರಗೆ ಹೋದಂತೆ ರೇಖೆ ನಯವಾಗಿ ಮೇಲೇರಬೇಕು. ನಡುವೆ ಗುಂಡಿ ಬಿದ್ದಂತೆ ಕುಸಿದರೆ ಅಲ್ಲಿ ಡ್ರೈವ್ ಮತ್ತೆಮತ್ತೆ ಓದಲು ಹೆಣಗುತ್ತಿದೆ ಎಂದರ್ಥ. ಕಂಪ್ಯೂಟರಿನ ಡ್ರೈವ್ ಹೀಗೆ ಮರುಪ್ರಯತ್ನ ಮಾಡಿ ಹೇಗೋ ಓದಿಕೊಳ್ಳುತ್ತದೆ. ಟಿವಿಯ ಪ್ಲೇಯರಿಗೆ ಅಷ್ಟು ಪುರುಸೊತ್ತಿಲ್ಲ, ಅದು ಚಿತ್ರವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕಾದ್ದರಿಂದ ಒಡೆದ ಚೌಕಗಳನ್ನೇ ತೋರಿಸಿ ಮುಂದೆ ಹೋಗುತ್ತದೆ.

ಕೆಲವು ಡ್ರೈವ್‌ಗಳು ಒಳಗಿನ ದೋಷಗಳ ಎಣಿಕೆಯನ್ನೂ ಕೊಡುತ್ತವೆ. ಮೊದಲ ಹಂತದಲ್ಲಿ ತಿದ್ದಬಹುದಾದ ದೋಷಗಳು ಎಂಟು ಇಸಿಸಿ ಖಂಡಗಳಲ್ಲಿ (ದೋಷ ತಿದ್ದಲು ಅನುಕೂಲವಾಗುವಂತೆ ದತ್ತಾಂಶವನ್ನು ಕಟ್ಟಿದ ಗುಂಪುಗಳು) ಒಟ್ಟು 280 ಮೀರಬಾರದು. ಆ ಹಂತದಲ್ಲಿ ತಿದ್ದಲಾಗದೆ ಉಳಿದವು ಒಂದು ಖಂಡದಲ್ಲಿ 4 ಮೀರಬಾರದು. ತೆಳ್ಳನೆಯ ರೈಟರ್‌ಗಳಲ್ಲಿ ಬಹಳಷ್ಟು ಈ ಎಣಿಕೆಯನ್ನು ಕೊಡುವುದಿಲ್ಲ, ಬೇಸರ ಬೇಡ. ವೇಗದ ರೇಖೆಯೇ ನಿಮ್ಮ ಕೆಲಸಕ್ಕೆ ಸಾಕು.

ಮತ್ತೊಂದು ವಿಷಯ. ಡಿಸ್ಕನ್ನು ಅಂಚಿನವರೆಗೆ ತುಂಬಬೇಡಿ. 4.7 ಜಿಬಿ ಎಂದು ಮುದ್ರಿಸಿದ್ದರೂ ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 4.38. ನೀವು 4.0 ಅಥವಾ 4.1ಕ್ಕೆ ನಿಲ್ಲಿಸಿದರೆ ಹೊರಅಂಚಿನ ಅತ್ಯಂತ ನಂಬಲಾಗದ ಪಟ್ಟಿಯನ್ನು ಮುಟ್ಟದೆಯೇ ಕೆಲಸ ಮುಗಿಯುತ್ತದೆ.

ಸಾಗರದ ಸ್ಟುಡಿಯೋ

ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ, ನಾವೂ ಹಾಗೆಯೇ ಮಾಡುವುದು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೂತೇ ಮಾತಾಡುವುದರಿಂದ ಚಲನೆ ಕಡಿಮೆ. ಚಿತ್ರಕ್ಕೂ ಧ್ವನಿಗೂ ಸೇರಿ ಸೆಕೆಂಡಿಗೆ 5 ಮೆಗಾಬಿಟ್ ಇಟ್ಟರೆ ಧಾರಾಳವಾಯಿತು. 4.1 ಜಿಬಿಯಲ್ಲಿ ಎರಡು ಗಂಟೆಗೆ ತುಸು ಕಡಿಮೆ ಹೊತ್ತಿನ ಪ್ರಸಂಗ ಹಿಡಿಸುತ್ತದೆ. ಕೆಲವರು ಗುಣಮಟ್ಟದ ಆಸೆಗೆ 9.8ರ ಗರಿಷ್ಠ ಮಿತಿಗೆ ಒತ್ತಿಬಿಡುತ್ತಾರೆ. ಹಳೆಯ ಪ್ಲೇಯರ್‌ಗಳು ಬರೆದ ಡಿಸ್ಕ್‌ನಿಂದ ಅಷ್ಟು ವೇಗದಲ್ಲಿ ಓದಲಾರದೆ ಮುಗ್ಗರಿಸುತ್ತವೆ. ದೋಷ ಡಿಸ್ಕ್‌ನದೆಂದು ನಾವು ಬಯ್ಯುತ್ತ ಕೂರುತ್ತೇವೆ.

ಗ್ರಂಥಪಾಲಕಿ (ಶಿವಮೊಗ್ಗ)

ಬರೆಯುವ ವಿಷಯ ಸಾಕಷ್ಟು ಆಯಿತು, ಇಡುವ ವಿಷಯವನ್ನು ಯಾರೂ ಎತ್ತಲಿಲ್ಲ. ಸಂಗ್ರಹದವರು ಎರಡನೆಯ ಡಬ್ಬಿಯನ್ನು ಎಲ್ಲಿಟ್ಟಿದ್ದರೆಂದು ಕೇಳಬಹುದೇ? ನಮ್ಮ ಸಂಗ್ರಹದಲ್ಲಿ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ಈ ಕುತೂಹಲ.

ಬರೆಯುವ ಡಿವಿಡಿಯಲ್ಲಿ 0.6 ಮಿಲಿಮೀಟರ್ ದಪ್ಪದ ಎರಡು ಪಾಲಿಕಾರ್ಬೊನೇಟ್ ತಟ್ಟೆಗಳನ್ನು ಅಂಟಿನಿಂದ ಕೂಡಿಸಿರುತ್ತಾರೆ. ಬಣ್ಣದ ಪದರ ಮತ್ತು ಲೋಹದ ಪದರ ಇವುಗಳ ನಡುವೆ ಇರುತ್ತವೆ. ಈ ಬಣ್ಣ ಸಾವಯವ ವಸ್ತು, ಬೆಳಕಿಗೂ ಬಿಸಿಗೂ ತೇವಕ್ಕೂ ಕೆಡುತ್ತದೆ. ಅಂಟು ಅಂಚಿನಲ್ಲಿ ಸರಿಯಾಗಿ ಮುಚ್ಚಿಕೊಳ್ಳದ ಅಗ್ಗದ ಡಿಸ್ಕ್‌ಗಳಲ್ಲಿ ತೇವ ಒಳಗೆ ಸೇರಿ ಕೆಡಿಸುವುದೂ ಹೊರಅಂಚಿನಿಂದಲೇ. ಅಮೆರಿಕದ ಎನ್ಐಎಸ್‌ಟಿ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿ ದೀರ್ಘಕಾಲ ಇಡಲು 4ರಿಂದ 20 ಡಿಗ್ರಿ ಉಷ್ಣಾಂಶ ಮತ್ತು ಶೇಕಡಾ 20ರಿಂದ 50ರ ತೇವಾಂಶ ಇರಲಿ ಎನ್ನುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಬುಡದಲ್ಲಿರುವವರು ಆಷಾಢದಲ್ಲಿ ಶೇಕಡಾ 50ರ ತೇವಾಂಶವನ್ನು ಎಲ್ಲಿಂದ ತರುವುದು? ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುವ ಊರು ನಮ್ಮದು.

ಆದರೂ ಮಾಡಬಹುದಾದದ್ದು ಇದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಖಾಲಿ ಡಿಸ್ಕ್‌ಗಳನ್ನು ಇಡಿ. ಜೆಲ್ ಬಣ್ಣ ಬದಲಿಸಿದಾಗ ಒಣಗಿಸಿ ಮತ್ತೆ ಬಳಸಬಹುದು. ಬರೆದ ಡಿಸ್ಕನ್ನು ಗಟ್ಟಿ ಕವರಿನಲ್ಲಿ ನೆಟ್ಟಗೆ ನಿಲ್ಲಿಸಿ. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳ ಆಲ್ಬಮ್‌ನಲ್ಲಿ ಮಲಗಿಸಿದರೆ ತೇವದಲ್ಲಿ ಚೀಲ ಡಿಸ್ಕ್‌ಗೆ ಅಂಟಿಕೊಳ್ಳುತ್ತದೆ. ಹೊಗೆಯಟ್ಟದ ಹತ್ತಿರವಾಗಲಿ, ಅಡಕೆ ಬೇಯಿಸುವ ಒಲೆಯ ಪಕ್ಕದ ಕೋಣೆಯಲ್ಲಾಗಲಿ ಇಡಬೇಡಿ. ಅಲ್ಲಿ ಒಣಗಿದಂತೆ ಕಂಡರೂ ಬಿಸಿ ಮತ್ತು ಹೊಗೆ ಎರಡೂ ಕೆಡಿಸುತ್ತವೆ. ಕಾಗದದ ಅಂಟುಚೀಟಿ ಹಚ್ಚಲೇಬೇಡಿ, ಅದು ತೇವ ಹೀರಿ ಮುದುಡಿದಾಗ ಡಿಸ್ಕನ್ನೂ ತನ್ನ ಜೊತೆ ಬಾಗಿಸುತ್ತದೆ. ಪ್ರಸಂಗದ ಹೆಸರನ್ನು ನೀರು ಆಧಾರದ ಮಾರ್ಕರ್‌ನಿಂದ, ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆದರೆ ಎಲ್ಲಕ್ಕಿಂತ ಕ್ಷೇಮ.

ತಾಳಮದ್ದಳೆ ಸಂಗ್ರಹ

ಅಮ್ಮಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಎರಡನೆಯ ಡಬ್ಬಿ ಇದ್ದದ್ದು ಅಡಿಗೆಮನೆಯ ಗೋಡೆಗೆ ಹೊಂದಿಕೊಂಡ ಕಪಾಟಿನಲ್ಲಿ, ಮುಚ್ಚಳ ಸಡಿಲವಾಗಿತ್ತು. ಮೊದಲನೆಯದು ಮಹಡಿಯ ಕೋಣೆಯಲ್ಲಿತ್ತು. ಹಾಗಾದರೆ ದೋಷ ತಯಾರಕರದೋ, ನಮ್ಮ ಮನೆಯ ತೇವದ್ದೋ?

ದುರಸ್ತಿ ಮೇಜು

ಇದನ್ನು ತಿಳಿಯಲು ಸುಲಭವಾದ ದಾರಿಯಿದೆ. ಎರಡನೆಯ ಡಬ್ಬಿಯ ಮೇಲಿನ ಡಿಸ್ಕ್‌ಗಳಿಗೆ ಗಾಳಿ ಹೆಚ್ಚು ತಾಗಿರುತ್ತದೆ, ಅಡಿಯಲ್ಲಿರುವುದಕ್ಕೆ ಕಡಿಮೆ. ತೀರ ಕೆಳಗಿನದನ್ನು ತೆಗೆದು, ಅದೇ ಪ್ರಸಂಗವನ್ನು, ಅದೇ ವೇಗದಲ್ಲಿ, ಎರಡೂ ಪ್ಲಗ್ ಸಿಕ್ಕಿಸಿದ ಸ್ಥಿತಿಯಲ್ಲೇ ಬರೆಯಿರಿ. ಆಮೇಲೆ ಮೇಲಿನದೊಂದನ್ನು ಹಾಗೆಯೇ ಬರೆದು, ಎರಡರ ವೇಗದ ರೇಖೆಗಳನ್ನು ಅಕ್ಕಪಕ್ಕ ಇಡಿ. ಎರಡೂ ಒಂದೇ ರೀತಿ ಕುಸಿದರೆ ಡಿಸ್ಕ್ ಹುಟ್ಟಿನಿಂದಲೇ ಕಳಪೆ ಎಂಬ ಅನುಮಾನ ಬಲವಾಗುತ್ತದೆ. ಒಂದು ಬಾರಿಗೆ ಒಂದೇ ಸಂಗತಿಯನ್ನು ಬದಲಿಸಬೇಕು. ವೇಗ, ಡಿಸ್ಕ್, ವೈರು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ.

ಮಳೆಗಾಲದ ಇನ್ನೊಂದು ಎಚ್ಚರಿಕೆ. ತಂಪು ಕೋಣೆಯಲ್ಲಿದ್ದ ರೈಟರನ್ನು ಬಿಸಿಯೂ ತೇವವೂ ಇರುವ ಜಾಗಕ್ಕೆ ತಂದ ಕೂಡಲೇ ಬಳಸಿದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಹಾಗೇ ಇಟ್ಟು ನಂತರ ಚಾಲೂ ಮಾಡಿ. ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ತೆಳ್ಳನೆಯ ರೈಟರಿನಲ್ಲಿ ತಟ್ಟೆ ಹೊರಬಂದಾಗ ಲೆನ್ಸ್ ಕಣ್ಣಿಗೇ ಕಾಣುತ್ತದೆ. ವೈರು ತೆಗೆದು, ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒತ್ತದೆ ಒಮ್ಮೆ ಸವರಿದರೆ ಸಾಕು.

ಲಿನಕ್ಸ್ ಬಳಕೆದಾರ (ಹೊಸನಗರ)

ದೊಡ್ಡಪ್ಪನವರ ಪ್ಲೇಯರ್ ಬಗ್ಗೆ ಹೇಳದೆ ಉಳಿದಿದೆ. ಬರೆಯುವ ಡಿವಿಡಿಯಲ್ಲಿ ಎರಡು ಬಗೆಗಳಿವೆ, ಡಿಸ್ಕ್ ಪ್ಲಸ್ ಆರ್ (DVD+R) ಬಗೆಯದೋ, ಮೈನಸ್ ಆರ್ (DVD-R) ಬಗೆಯದೋ ನೋಡಿ. ಮೈನಸ್ ಆರ್ 1997ರಷ್ಟು ಹಿಂದೆಯೇ ಬಂದದ್ದು, ಪ್ಲಸ್ ಆರ್ 2002ರಲ್ಲಿ. ಹಳೆಯ ಪ್ಲೇಯರ್‌ಗಳಲ್ಲಿ ಕೆಲವು ಡಿಸ್ಕ್‌ನ ಆರಂಭದಲ್ಲಿರುವ ಬಗೆಯ ಗುರುತನ್ನು ಓದಿ, ತಮಗೆ ತಿಳಿಯದ ಬಗೆ ಎಂದು ಕಂಡರೆ ಮುಂದೆ ನೋಡುವುದೇ ಇಲ್ಲ. ಪ್ಲಸ್ ಆರ್‌ನಲ್ಲಿ ಒಂದು ಅನುಕೂಲವಿದೆ. ರೈಟರ್ ಒಪ್ಪುವುದಾದರೆ ಇಮ್ಗ್‌ಬರ್ನ್‌ನ 'ಬುಕ್ ಟೈಪ್' ಆಯ್ಕೆಯಲ್ಲಿ ಆ ಗುರುತನ್ನು ಡಿವಿಡಿ-ರೋಮ್ (DVD-ROM) ಎಂದು, ಅಂದರೆ ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕ್‌ನಂತೆ, ಬರೆಯಿಸಬಹುದು. ಮೈನಸ್ ಆರ್‌ನಲ್ಲಿ ಇದಕ್ಕೆ ಅವಕಾಶವಿಲ್ಲ. ಜೊತೆಗೆ ಡಿಸ್ಕ್ ಫೈನಲೈಸ್ ಆಗಿದೆಯೇ, ಅಂದರೆ ಮುಂದೆ ಏನೂ ಸೇರಿಸಲಾಗದಂತೆ ಮುಚ್ಚಿದೆಯೇ ಎಂಬುದನ್ನೂ ನೋಡಿ. ಇನ್ನಷ್ಟು ಸೇರಿಸಬಹುದೆಂದು ತೆರೆದಿಟ್ಟ ಡಿಸ್ಕ್ ಕಂಪ್ಯೂಟರಿಗೆ ಕಾಣುತ್ತದೆ, ಬಹಳಷ್ಟು ಪ್ಲೇಯರಿಗೆ ಕಾಣುವುದಿಲ್ಲ.

ತಾಳಮದ್ದಳೆ ಸಂಗ್ರಹ

ಎಲ್ಲರ ಸಲಹೆಯನ್ನೂ ಒಂದೊಂದಾಗಿ ಪರೀಕ್ಷಿಸಿ ಬರೆಯುತ್ತಿದ್ದೇನೆ.

ಎರಡನೆಯ ಡಬ್ಬಿಯ ತಳದ ಡಿಸ್ಕ್ ಮತ್ತು ಮೇಲಿನ ಡಿಸ್ಕ್ ಎರಡರಲ್ಲೂ ವೇಗದ ರೇಖೆ ಹೊರಅಂಚಿನ ಬಳಿ ಬಹುತೇಕ ಒಂದೇ ಜಾಗದಲ್ಲಿ ಕುಸಿಯಿತು. ಮೇಲಿನದರಲ್ಲಿ ಕುಸಿತ ತುಸು ಆಳವಾಗಿತ್ತು. ತೇವ ಸ್ವಲ್ಪ ಸೇರಿಸಿರಬಹುದು, ಮೂಲ ದೋಷ ಡಿಸ್ಕ್‌ನಲ್ಲೇ ಇತ್ತೆಂದು ತಿಳಿದುಕೊಂಡಿದ್ದೇನೆ. ಅದೇ ಡಬ್ಬಿಯದನ್ನು 4ಎಕ್ಸ್‌ನಲ್ಲಿ ಬರೆದಾಗ ಸುಧಾರಿಸಲಿಲ್ಲ, ಬದಲಿಗೆ ಒಳಭಾಗದಲ್ಲೂ ರೇಖೆ ನಡುಗಿತು. ಮೊದಲ ಡಬ್ಬಿಯವು 8ಎಕ್ಸ್‌ನಲ್ಲಿ ನಯವಾಗಿ ಏರುತ್ತವೆ. 4.1 ಜಿಬಿಗೆ ನಿಲ್ಲಿಸಿದ ಮೇಲೆ ಅವುಗಳ ಬಗ್ಗೆ ಯಾವ ಮನೆಯಿಂದಲೂ ದೂರು ಬಂದಿಲ್ಲ.

ದೊಡ್ಡಪ್ಪನ ಪ್ಲೇಯರ್ ವಿಷಯದಲ್ಲಿ ನನ್ನ ಡಿಸ್ಕ್‌ಗಳು ಪ್ಲಸ್ ಆರ್ ಬಗೆಯವು. ಬುಕ್ ಟೈಪ್ ಬದಲಿಸಲು ನನ್ನ ತೆಳ್ಳನೆಯ ರೈಟರ್ ಒಪ್ಪಲಿಲ್ಲ. ಸಾಗರದ ಸ್ಟುಡಿಯೋದವರು ತಮ್ಮ ಯಂತ್ರದಲ್ಲಿ ಬದಲಿಸಿ ಬರೆದು ಬಸ್ಸಿನಲ್ಲಿ ಕಳಿಸಿಕೊಟ್ಟ ಡಿಸ್ಕ್ ಅದರಲ್ಲಿ ಓಡಿತು. ಅವರಿಗೆ ಋಣಿ.

ಉಳಿದಿರುವುದು ಒಂದೇ ಚಿಂತೆ. ಎರಡನೆಯ ಡಬ್ಬಿಯಿಂದ ಬರೆದು ಈಗಾಗಲೇ ಹಂಚಿದ ಡಿಸ್ಕ್‌ಗಳಿವೆ. ಅವುಗಳಲ್ಲಿ ಕೆಲವು ಪ್ರಸಂಗಗಳ ಮೂಲ ಕಡತ ನನ್ನ ಬಳಿ ಈಗ ಇಲ್ಲ, ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಸಾಲದೆ ಅಳಿಸಬೇಕಾಗಿತ್ತು.

ಗ್ರಂಥಪಾಲಕಿ (ಶಿವಮೊಗ್ಗ)

ಹಾಗಿದ್ದರೆ ಅವನ್ನು ಈ ವಾರವೇ ವಾಪಸ್ ತರಿಸಿಕೊಳ್ಳಿ, ಮಳೆ ಬಿಡಲಿ ಎಂದು ಕಾಯಬೇಡಿ. ಕೆಡುತ್ತಿರುವ ಡಿಸ್ಕ್ ಮುಂದಿನ ತಿಂಗಳು ಇವತ್ತಿಗಿಂತ ಹೆಚ್ಚು ಕೆಟ್ಟಿರುತ್ತದೆಯೇ ಹೊರತು ಸುಧಾರಿಸಿರುವುದಿಲ್ಲ.

ಲಿನಕ್ಸ್ ಬಳಕೆದಾರ (ಹೊಸನಗರ)

ತರಿಸಿಕೊಂಡ ಮೇಲೆ ಕಡತಗಳನ್ನು ಸಾಮಾನ್ಯ ರೀತಿಯಲ್ಲಿ ಕಾಪಿ ಮಾಡಲು ಹೋಗಬೇಡಿ, ಓದಲಾಗದ ಸೆಕ್ಟರ್ ಸಿಕ್ಕಿದ ಕೂಡಲೇ ಅದು ನಿಂತುಬಿಡುತ್ತದೆ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮೊದಲು ಸುಲಭವಾಗಿ ಓದಬಹುದಾದದ್ದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿ ಉಳಿದಿದೆ ಎಂಬ ಪಟ್ಟಿಯನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳುವುದರಿಂದ ಅದೇ ಡಿಸ್ಕನ್ನು ಬೇರೊಂದು ಡ್ರೈವ್‌ಗೆ ಹಾಕಿ, ಉಳಿದದ್ದನ್ನು ಮಾತ್ರ ಓದಿಸಬಹುದು. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದುವುದು ಅಪರೂಪವಲ್ಲ. ಒಂದೇ ಪ್ರಸಂಗವನ್ನು ಎರಡು ಮನೆಗಳಿಗೆ ಕೊಟ್ಟಿದ್ದು, ಎರಡೂ ಒಂದೇ ಐಎಸ್ಒ ಕಡತದಿಂದ (ಇಡೀ ಡಿಸ್ಕ್‌ನ ಪ್ರತಿಯಾಗಿರುವ ಒಂದೇ ಕಡತ) ಬರೆದವಾಗಿದ್ದರೆ, ಎರಡನೆಯ ಡಿಸ್ಕ್‌ನಿಂದಲೂ ಅದೇ ಪಟ್ಟಿಯನ್ನು ಮುಂದುವರಿಸಬಹುದು. ಎರಡರಲ್ಲೂ ಒಂದೇ ಸೆಕ್ಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಹೀಗೆ ಪಡೆದ ಐಎಸ್ಒ 4 ಜಿಬಿ ದಾಟಿದರೆ ಫ್ಯಾಟ್32 ಎಂಬ ಕಡತ ವ್ಯವಸ್ಥೆಯ ಪೆನ್‌ಡ್ರೈವ್ ಅದನ್ನು ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆ ಇರುವ ಹಾರ್ಡ್ ಡಿಸ್ಕ್‌ಗೇ ಇಳಿಸಿಕೊಳ್ಳಿ.

ಸಾಗರದ ಸ್ಟುಡಿಯೋ

ನನ್ನ ಬಳಿ ಬೇರೆ ಬೇರೆ ತಯಾರಿಕೆಯ ಹಳೆಯ ರೈಟರ್‌ಗಳಿವೆ, ಓದಲು ಅವು ಈಗಲೂ ಗಟ್ಟಿ. ನಿಮ್ಮಲ್ಲಿ ಓದದ ಡಿಸ್ಕ್‌ಗಳನ್ನು ಆ ಪಟ್ಟಿ ಕಡತದ ಸಮೇತ ಕಳಿಸಿಕೊಡಿ, ಇಲ್ಲಿ ಒಂದೊಂದರಲ್ಲೂ ಹಾಕಿ ನೋಡುತ್ತೇನೆ. ಅಂಟುಚೀಟಿ ಹಚ್ಚಿದವು ಇದ್ದರೆ ಚೀಟಿ ಕೀಳಲು ಹೋಗಬೇಡಿ, ಹಾಗೆಯೇ ಕಳಿಸಿ.